ಅಪ್‌ಡೇಟ್: ಕಂಪ್ಯೂಟರ್‌ಗೆ ಐಪಿ ವಿಳಾಸ ಸಿಗದ ಸಮಸ್ಯೆ ಬಗೆಹರಿಯಿತು

ನಮ್ಮ ಟ್ಯೂಷನ್ ಕೇಂದ್ರದ ವಿಂಡೋಸ್ ಕಂಪ್ಯೂಟರ್‌ಗೆ ರೂಟರ್‌ನಿಂದ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಸಿಗದೆ, ಆಗ ವಿಂಡೋಸ್ ತಾನೇ ಕೊಟ್ಟುಕೊಳ್ಳುವ, 169.254ರಿಂದ ಶುರುವಾಗುವ ವಿಳಾಸವೇ ಕಾಣಿಸುತ್ತಿದೆ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ಕೇಬಲ್ ಬದಲಿಸಿದ್ದರಿಂದಾಗಲಿ, ವಿಳಾಸವನ್ನು ಬಿಟ್ಟುಕೊಟ್ಟು ಹೊಸದಾಗಿ ಕೇಳುವ ಐಪಿಕಾನ್ಫಿಗ್‌ನ ರಿಲೀಸ್, ರಿನ್ಯೂ ಕಮಾಂಡ್‌ಗಳಿಂದಾಗಲಿ ಪ್ರಯೋಜನವಾಗಲಿಲ್ಲ. ರೂಟರ್ ರೀಸ್ಟಾರ್ಟ್ ಮಾಡಿದರೆ ಸರಿಹೋಗಿ, ಮತ್ತೆ ಹಾಗೆಯೇ ಆಗುತ್ತಿತ್ತು. ಕೊನೆಗೆ ಕೈಹಿಡಿದದ್ದು, ರೂಟರ್‌ನ ಡಿಎಚ್‌ಸಿಪಿ (ವಿಳಾಸಗಳನ್ನು ತಾನಾಗಿ ಹಂಚುವ ವ್ಯವಸ್ಥೆ) ಪಟ್ಟಿಯನ್ನೊಮ್ಮೆ ನೋಡಿ ಎಂದು ಒಬ್ಬರು ಕೊಟ್ಟ ಸಲಹೆ. ಅವರಿಗೆ ಮನಃಪೂರ್ವಕ ಧನ್ಯವಾದಗಳು. ಹಂಚಲು ಇಟ್ಟಿದ್ದ 192.168.1.100ರಿಂದ 149ರವರೆಗಿನ 50 ವಿಳಾಸಗಳೂ ಹಂಚಿ ಮುಗಿದಿದ್ದವು. ಮಕ್ಕಳು ಮನೆಗೆ ಹೋದ ಮೇಲೂ ಅವರ ಮೊಬೈಲ್‌ಗಳಿಗೆ ಕೊಟ್ಟ ವಿಳಾಸಗಳು ಲೀಸ್ ಅವಧಿ (ಒಂದು ವಿಳಾಸವನ್ನು ಸಾಧನಕ್ಕೆ ಕೊಟ್ಟಿಡುವ ಕಾಲ) ಮುಗಿಯುವವರೆಗೆ, ಅಂದರೆ ನಮ್ಮ ರೂಟರ್‌ನಲ್ಲಿ ಆಗ 24 ಗಂಟೆ, ಅವುಗಳ ಹೆಸರಿನಲ್ಲೇ ಉಳಿಯುತ್ತವೆ ಎಂಬುದು ನನಗೆ ನಿಜಕ್ಕೂ ಹೊಸ ವಿಷಯ. ಹಂಚುವ ವಿಳಾಸಗಳ ವ್ಯಾಪ್ತಿಯನ್ನು 192.168.1.240ರವರೆಗೆ ಹೆಚ್ಚಿಸಿ, ಲೀಸ್ ಅವಧಿಯನ್ನು 2 ಗಂಟೆಗೆ ಇಳಿಸಿದ ಮೇಲೆ ಕಂಪ್ಯೂಟರ್‌ಗೆ 192.168.1.152 ಬಂದಿದ್ದು, ತರಗತಿ ತುಂಬಿದ್ದಾಗಲೂ ಸಂಪರ್ಕ ತಪ್ಪುತ್ತಿಲ್ಲ.