ಯಾವ ಗ್ರಾಫಿಕ್ಸ್ ಕಾರ್ಡ್: ಎನ್ವಿಡಿಯಾ 3060 (12ಜಿಬಿ ಮೆಮೊರಿ), 4060 (8ಜಿಬಿ), ಇಲ್ಲಾ ಸೆಕೆಂಡ್ ಹ್ಯಾಂಡ್ ಎಎಂಡಿ 6700 ಎಕ್ಸ್‌ಟಿ? ರಾಯಚೂರು ಬಿಸಿಲಿಗೆ ಯಾವುದು ತಡೆಯುತ್ತದೆ? ಅನುಭವ ಹೇಳಿ

ಬಿಸಿಲೂರಿನವ:
ಎಲ್ಲರಿಗೂ ನಮಸ್ಕಾರ. ಊರು ರಾಯಚೂರು. ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 550 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), 1080ಪಿ ಮಾನಿಟರ್. ಈಗ ಇರುವ ಕಾರ್ಡ್ ಜಿಟಿಎಕ್ಸ್ 1650. ರಾತ್ರಿ ನಾನು ಗೇಮ್ ಆಡುತ್ತೇನೆ, ಹಗಲು ತಮ್ಮ ಡಾವಿಂಚಿ ರಿಸಾಲ್ವ್‌ನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತಾನೆ. ಬಜೆಟ್ 28 ಸಾವಿರ. ಎಸಿ ಇಲ್ಲ, ಮೇ ತಿಂಗಳಲ್ಲಿ ರೂಮೇ 38 ಡಿಗ್ರಿ ಇರುತ್ತದೆ. ಮೂರು ಫ್ಯಾನಿನ ಕಾರ್ಡಿಗೆ 3 ಸಾವಿರ ಜಾಸ್ತಿ ಕೊಡಬೇಕಾ? ಓವರ್‌ಕ್ಲಾಕ್ (ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸುವುದು) ಮಾಡಿದರೆ ಏನಾದರೂ ಸಿಗುತ್ತಾ? ಬಳಸಿದವರು ಹೇಳಿ.

ಹಾಸನ ವಿಡಿಯೊ:
3060 12ಜಿಬಿ ನನ್ನ ಹತ್ತಿರ 2021ರಿಂದ ಇದೆ. ಅದರ ಕತೆ ಪೂರ್ತಿ ಕೇಳಿ.

2021ರ ಫೆಬ್ರವರಿಯಲ್ಲಿ ಈ ಕಾರ್ಡ್ ಬಂದಾಗ ಎನ್ವಿಡಿಯಾ ಹೇಳಿದ ಬೆಲೆ 329 ಡಾಲರ್. ಇಲ್ಲಿ ಆ ಬೆಲೆಗೆ ಕಣ್ಣಿಗೂ ಬೀಳಲಿಲ್ಲ. ಎಥೀರಿಯಂ ಮೈನಿಂಗ್ (ಕಾರ್ಡ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವುದು) ಮಾಡುವವರು ಎಲ್ಲವನ್ನೂ ಬಾಚಿಕೊಂಡಿದ್ದರು. ಮೈನಿಂಗ್ ವೇಗ ಅರ್ಧಕ್ಕೆ ಇಳಿಸಿದ್ದೇವೆ ಎಂದು ಕಂಪನಿ ಹೇಳಿತು. ಆಮೇಲೆ ಅವರದೇ 470.05 ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಹೊರಗೆ ಬಂದು ಆ ಬೀಗವೂ ಬಿಚ್ಚಿತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಅಂಗಡಿಯವರು ಕಾರ್ಡಿಗೆ 52 ಸಾವಿರ ಹೇಳಿದರು. ಬರೀ ಕಾರ್ಡ್ ಕೊಡುವುದಿಲ್ಲ, ಜೊತೆಗೆ ಎಸ್‌ಎಂಪಿಎಸ್ ಕೊಳ್ಳಲೇಬೇಕು ಎಂದರು. ಅದಕ್ಕೆ 6,500. ಒಟ್ಟು 58,500. ಸೀಸನ್ ಶುರುವಾಗಿತ್ತು, ಕೈಯಲ್ಲಿ ಮದುವೆ ಆರ್ಡರ್ ಇತ್ತು, ಬೇರೆ ದಾರಿ ಇರಲಿಲ್ಲ. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೂರನೇ ವರ್ಷ ಒಂದು ಫ್ಯಾನ್ ಕರಕರ ಎನ್ನಲು ಶುರುವಾಯಿತು. ಬಿಲ್ ಪ್ರಕಾರ ವಾರಂಟಿ ಇನ್ನೂ ಇತ್ತು. ಸರ್ವಿಸ್ ಸೆಂಟರ್‌ನವರು ಬಿಲ್ ನೋಡಲೇ ಇಲ್ಲ. ಸೀರಿಯಲ್ ನಂಬರಿನಿಂದ ತಯಾರಾದ ತಿಂಗಳು ತೆಗೆದು ವಾರಂಟಿ ಮುಗಿದಿದೆ ಎಂದರು. ಕಡೆಗೆ ಆನ್‌ಲೈನ್‌ನಲ್ಲಿ ಫ್ಯಾನ್ ಜೋಡಿ 1,450ಕ್ಕೆ ತರಿಸಿ ನಾನೇ ಹಾಕಿದೆ. ಹಾಗಾಗಿ ಕೊಳ್ಳುವಾಗಲೇ ವಾರಂಟಿ ಬಿಲ್ಲಿಂದ ಲೆಕ್ಕವೋ ಸೀರಿಯಲ್ಲಿಂದಲೋ ಎಂದು ಬರೆಸಿಕೊಳ್ಳಿ.

ಇಷ್ಟಾದರೂ ಕಾರ್ಡ್ ಬಗ್ಗೆ ದೂರಿಲ್ಲ. 4ಕೆ ಟೈಮ್‌ಲೈನ್ ಮೇಲೆ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ತೆಗೆಯುವ ಫಿಲ್ಟರ್) ಹಾಕಿದಾಗ ಗೆಳೆಯನ 8ಜಿಬಿ ಕಾರ್ಡ್ "ಜಿಪಿಯು ಮೆಮೊರಿ ಫುಲ್" ಎನ್ನುತ್ತದೆ, ನನ್ನದು ಎನ್ನುವುದಿಲ್ಲ. ಒಂದು ಎಚ್ಚರಿಕೆ: 3060 ಹೆಸರಿನಲ್ಲೇ 8ಜಿಬಿಯದೂ ಇದೆ. ಅದರ ಮೆಮೊರಿ ದಾರಿಯ ಅಗಲ 128 ಬಿಟ್, ಬ್ಯಾಂಡ್‌ವಿಡ್ತ್ (ಡೇಟಾ ಹರಿಯುವ ವೇಗ) ಸೆಕೆಂಡಿಗೆ 240 ಜಿಬಿ. 12ಜಿಬಿಯದು 192 ಬಿಟ್, 360 ಜಿಬಿ. ಡಬ್ಬಿ ಓದದೆ ದುಡ್ಡು ಕೊಡಬೇಡಿ.

ಕಲಬುರಗಿ ಕೂಲರ್:
ಹಾಸನದ ತಂಪಿನಲ್ಲಿ ಕೂತವರು ಬಿಸಿಲಿನ ಬಗ್ಗೆ ಏನು ಹೇಳಿಯಾರು? ನಮ್ಮದು ಕಲಬುರಗಿ ರೀ. ನನ್ನದು 4060, ಎರಡೇ ಫ್ಯಾನ್, 29,200 ಕೊಟ್ಟೆ.

ರಿವ್ಯೂ ವಿಡಿಯೊ ನೋಡಿ "ಕಾರ್ಡ್ 65 ಡಿಗ್ರಿ ಅಷ್ಟೇ" ಎಂದು ಖುಷಿಪಡುತ್ತೀರಲ್ಲ, ಅವರ ರೂಮ್ 22 ಡಿಗ್ರಿ. ಕಾರ್ಡ್ ರೂಮಿಗಿಂತ ಎಷ್ಟು ಮೇಲಿದೆ ಎಂಬುದೇ ಕೂಲರ್‌ನ ಅಳತೆ. ಅಲ್ಲಿ 43 ಡಿಗ್ರಿ ಮೇಲೆ. 38 ಡಿಗ್ರಿ ರೂಮಿನಲ್ಲಿ ಅದೇ ಕಾರ್ಡ್, ಅದೇ ಫ್ಯಾನ್ ವೇಗದಲ್ಲಿ 81. ಎನ್ವಿಡಿಯಾ ಕಾರ್ಡುಗಳಲ್ಲಿ ಸಾಮಾನ್ಯವಾಗಿ 83ಕ್ಕೆ ಟೆಂಪ್ ಟಾರ್ಗೆಟ್ ಇರುತ್ತದೆ. ಅಲ್ಲಿಗೆ ಬಂದರೆ ಕಾರ್ಡ್ ಕ್ಲಾಕನ್ನು (ಚಿಪ್ಪಿನ ವೇಗ) ತಾನೇ ಇಳಿಸುತ್ತದೆ. ಅಂದರೆ ನಮ್ಮ ಕಡೆ ಮೇ ತಿಂಗಳಲ್ಲಿ ಕಾರ್ಡ್ ಅಂಚಿಗೆ ಬಂದು ನಿಂತಿರುತ್ತದೆ.

ಅದಕ್ಕೆ ನಾನು ಓವರ್‌ಕ್ಲಾಕ್ ಕಡೆ ಹೋಗಲೇ ಇಲ್ಲ, ಅಂಡರ್‌ವೋಲ್ಟ್ ಮಾಡಿದೆ, ಅಂದರೆ ಚಿಪ್ಪಿಗೆ ಹೋಗುವ ವೋಲ್ಟೇಜ್ ಇಳಿಸಿದೆ. ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಂಟ್ರೋಲ್ ಎಫ್ ಒತ್ತಿದರೆ ಎಷ್ಟು ವೋಲ್ಟೇಜಿಗೆ ಎಷ್ಟು ವೇಗ ಎಂಬ ಕರ್ವ್ ಬರುತ್ತದೆ. 950 ಮಿಲಿವೋಲ್ಟ್‌ಗೆ 2,600 ಮೆಗಾಹರ್ಟ್ಜ್ ಕಟ್ಟಿ ಹಾಕಿದೆ. ಮೊದಲು 115 ವ್ಯಾಟ್ ಹತ್ತಿರ ಎಳೆಯುತ್ತಿತ್ತು, ಈಗ 90ರ ಆಸುಪಾಸು. ವ್ಯಾಟ್ ಇಳಿದಷ್ಟೇ ಪಾಲು ರೂಮಿಗಿಂತ ಮೇಲಿನ ಬಿಸಿಯೂ ಇಳಿಯುತ್ತದೆ. 81 ಇದ್ದದ್ದು 72 ಆಯಿತು. ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ ಬರುವ ಫ್ರೇಮ್‌ಗಳು) ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಫ್ಯಾನ್ ಸದ್ದು ಮಾತ್ರ ಪೂರ್ತಿ ಇಳಿಯಿತು. ಒಂದೇ ಮಾತು, ಪ್ರತಿ ಚಿಪ್ ಬೇರೆ. ನನ್ನ ನಂಬರ್ ನಿಮ್ಮ ಕಾರ್ಡಿಗೆ ಕೂರಬೇಕೆಂದಿಲ್ಲ.

ಹಾಸನ ವಿಡಿಯೊ:
ಬಿಸಿಲು ನಿಮ್ಮ ಊರಿನ ಸ್ವತ್ತಲ್ಲ. ನನ್ನ ಎಡಿಟಿಂಗ್ ರೂಮ್ ಶೀಟಿನ ಮನೆ ಮೇಲಿದೆ. 8ಜಿಬಿ ತುಂಬಿದಾಗ ಅಂಡರ್‌ವೋಲ್ಟ್ ಬಂದು ಕಾಪಾಡುತ್ತದಾ? ಅದನ್ನು ಮೊದಲು ಹೇಳಿ.

ದಾವಣಗೆರೆ ರಿಪೇಸ್ಟ್:
ಹೊಸದರ ಮೇಲೆ ದುಡ್ಡು ಸುರಿಯುವುದು ಯಾಕೆ? ನಾನು ಸೆಕೆಂಡ್ ಹ್ಯಾಂಡ್ 6700 ಎಕ್ಸ್‌ಟಿ ತೆಗೆದುಕೊಂಡೆ. 12ಜಿಬಿ, ಶಕ್ತಿಯಲ್ಲಿ ಮೇಲಿನ ಎರಡಕ್ಕಿಂತಲೂ ಮುಂದೆ. ಲೆಕ್ಕ ಪೂರ್ತಿ ಕೊಡುತ್ತೇನೆ.

ಕಾರ್ಡ್ 19,000. ಇದು 230 ವ್ಯಾಟ್ ಕಾರ್ಡ್, ಎಎಂಡಿಯವರೇ 650 ವ್ಯಾಟ್ ಎಸ್‌ಎಂಪಿಎಸ್ ಹೇಳುತ್ತಾರೆ. ನನ್ನ ಹಳೆಯದು 500. ಹೊಸ ಎಸ್‌ಎಂಪಿಎಸ್ 5,900. ತಂದು ಹಾಕಿದ ರಾತ್ರಿ ನೋಡಿದರೆ ಕೋರ್ (ಮುಖ್ಯ ಚಿಪ್) 74 ಡಿಗ್ರಿ, ಹಾಟ್‌ಸ್ಪಾಟ್ (ಆ ಚಿಪ್ಪಿನ ಅತಿ ಬಿಸಿ ಜಾಗ) 106. ಇದರ ಮಿತಿಯೇ 110. ಎರಡರ ನಡುವೆ 10–15 ಡಿಗ್ರಿ ಇದ್ದರೆ ಸರಿ. 30 ದಾಟಿತು ಎಂದರೆ ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ (ಬಿಸಿ ಹೊರಹಾಕುವ ಲೋಹದ ಭಾಗ) ದಾಟಿಸುವ ಪೇಸ್ಟ್ ಅಂಚಿಗೆ ಸರಿದಿದೆ, ಇಲ್ಲವೇ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಬಿಚ್ಚಿದೆ. ಪೇಸ್ಟ್ ಒಣಗಿ ಪುಡಿಯಾಗಿತ್ತು. ಸಾಮಾನ್ಯ ಪೇಸ್ಟ್ ಬದಲು ಪಿಟಿಎಂ7950 ಶೀಟ್ ಹಾಕಿದೆ, 900 ರೂಪಾಯಿ. ಬಿಸಿಗೆ ಕರಗಿ ತಾನೇ ಹರಡಿಕೊಳ್ಳುತ್ತದೆ, ಪೇಸ್ಟಿನ ಹಾಗೆ ಬೇಗ ಸರಿಯುವುದಿಲ್ಲ. ಮೆಮೊರಿಗೆ ಥರ್ಮಲ್ ಪ್ಯಾಡ್ 1,100. ಪ್ಯಾಡ್ ದಪ್ಪ ಒಂದೊಂದು ಮಾಡೆಲ್‌ಗೆ ಒಂದೊಂದು. ಅರ್ಧ ಮಿಲಿಮೀಟರ್ ದಪ್ಪ ಆದರೂ ಹೀಟ್‌ಸಿಂಕ್ ಎತ್ತಿಕೊಂಡು ಕೋರ್‌ಗೆ ತಾಗುವುದಿಲ್ಲ. ಹಳೆಯ ಪ್ಯಾಡನ್ನು ಅಳೆದೇ ತರಿಸಬೇಕು. ಈಗ ಹಾಟ್‌ಸ್ಪಾಟ್ 87.

ಒಟ್ಟು 26,900. ಈ ದುಡ್ಡಿಗೆ ಇಷ್ಟು ಶಕ್ತಿ ಹೊಸದರಲ್ಲಿ ಯಾರು ಕೊಡುತ್ತಾರೆ?

ಉಡುಪಿ ಕಡಲು:
ಮಾರಾಯ್ರೆ, ದಯವಿಟ್ಟು ಜನರಿಗೆ ಹೀಗೆ ಆಸೆ ತೋರಿಸಬೇಡಿ. ನಾನೂ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವನೇ. ಮಾರಿದವನು ಗೇಮಿಂಗ್ ಮಾತ್ರ ಮಾಡಿದ್ದು ಎಂದು ಆಣೆ ಹಾಕಿದ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ ನಿಂತಿತಲ್ಲ, ಅದಾದ ಕೂಡಲೇ ಬಂದ ಮಾಲು. ಮಳೆಗಾಲ ಕಳೆಯುವಷ್ಟರಲ್ಲಿ ಪರದೆ ತುಂಬ ಬಣ್ಣದ ಚೌಕಗಳು. ರಿಪೇರಿಯವರು ಮೆಮೊರಿ ಚಿಪ್ ಹೋಗಿದೆ ಎಂದರು. ಬದಲಿಸಲು 4,500, ಆದರೆ ಗ್ಯಾರಂಟಿ ಇಲ್ಲ. ಬದಲಿಸಿದರು, ಸ್ವಲ್ಪ ದಿನ ನಡೆಯಿತು, ಪುನಃ ಅದೇ ಚೌಕ. ಕಾರ್ಡಿನ 14 ಸಾವಿರ, ರಿಪೇರಿಯ 4,500, ಕೊರಿಯರ್ ಬೇರೆ. ಎಲ್ಲ ಹೋಯಿತು. ಬಿಚ್ಚಿ ನೋಡಿದರೆ ಹೀಟ್‌ಸಿಂಕ್ ರೆಕ್ಕೆಗಳ ಮೇಲೆ ಬಿಳಿ ಪುಡಿ, ಸ್ಕ್ರೂ ತಲೆಗಳು ತುಕ್ಕು. ನಮ್ಮ ಕರಾವಳಿ ಗಾಳಿಯಲ್ಲಿ ಉಪ್ಪಿದೆ, ತೇವ ಇದೆ. ಹಳೆಯ ಕಾರ್ಡ್ ಅದನ್ನು ತಡೆಯುವುದಿಲ್ಲ.

ದಾವಣಗೆರೆ ರಿಪೇಸ್ಟ್:
ಪ್ರಶ್ನೆ ಕೇಳಿದವರು ರಾಯಚೂರು. ಅಲ್ಲಿ ಸಮುದ್ರ ಎಲ್ಲಿಂದ ಬಂತು? ಕೊಳ್ಳುವ ಮುಂಚೆ ಮಾರುವವನ ಎದುರೇ ಅರ್ಧ ಗಂಟೆ ಲೋಡ್ ಕೊಟ್ಟು ಹಾಟ್‌ಸ್ಪಾಟ್ ನೋಡಬೇಕು, ಎರಡೂ ಫ್ಯಾನ್ ಕೈಯಲ್ಲಿ ತಿರುಗಿಸಿ ಅಲುಗಾಡುತ್ತದಾ ಎಂದು ನೋಡಬೇಕು. ನೋಡದೆ ತಂದು ಎಲ್ಲ ಸೆಕೆಂಡ್ ಹ್ಯಾಂಡ್ ಮಾಲಿಗೂ ಮಸಿ ಬಳಿದರೆ ಹೇಗೆ?

ಉಡುಪಿ ಕಡಲು:
ನಾನು ನೋಡಿಯೇ ತಂದದ್ದು. ನಿಮ್ಮ ಅರ್ಧ ಗಂಟೆಯಲ್ಲಿ ಚೌಕ ಬರುವುದಿಲ್ಲ, ಅದು ತಿಂಗಳು ಬಿಟ್ಟು ಬರುತ್ತದೆ. ನಿಮ್ಮದಕ್ಕೂ ಹಾಗೆ ಆಗಲಿ ಎಂದು ನಾನು ಹೇಳುವುದಿಲ್ಲ. ಆದರೆ ಕೈ ಸುಟ್ಟುಕೊಂಡವನ ಮಾತನ್ನು ಹೀಗೆ ತಳ್ಳಿಹಾಕಬೇಡಿ.

200 ಯೂನಿಟ್:
ಯಾರೂ ಕರೆಂಟ್ ಬಿಲ್ ಮಾತಾಡುತ್ತಿಲ್ಲವಲ್ಲ. ಗೃಹಜ್ಯೋತಿ ಇರುವ ಮನೆಯಲ್ಲಿ 230 ವ್ಯಾಟ್ ಕಾರ್ಡ್ ಇಟ್ಟರೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಬರುತ್ತದೆ. ನಮ್ಮ ಮನೆಯಲ್ಲಿ ಬಂದಿದೆ, ಅಪ್ಪ ಕಂಪ್ಯೂಟರ್ ಆನ್ ಮಾಡಲೇ ಬಿಡಲಿಲ್ಲ.

ಕಲಬುರಗಿ ಕೂಲರ್:
ಲೆಕ್ಕ ಹಾಕಿ ಹೇಳಿ ರೀ. 3060 ಮತ್ತು 4060 ನಡುವೆ 55 ವ್ಯಾಟ್. ದಿನಕ್ಕೆ 6 ಗಂಟೆ, 30 ದಿನ. 9.9 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 70 ರೂಪಾಯಿ. 6700 ಎಕ್ಸ್‌ಟಿ ಆದರೆ 4060ಗಿಂತ 115 ವ್ಯಾಟ್ ವ್ಯತ್ಯಾಸ, 20.7 ಯೂನಿಟ್.

200 ಯೂನಿಟ್:
ಉಚಿತ ಇರುವುದು ಸುಮ್ನೆ 200 ಅಲ್ಲ ಸರ್. 2022–23ರ ಸರಾಸರಿ ಬಳಕೆ, ಅದರ ಮೇಲೆ 10% ಎಂದು ಯೋಜನೆ ಶುರುವಾಯಿತು. ನಮ್ಮದು 170ರ ಹತ್ತಿರ ಕಟ್ಟಿದ್ದಾರೆ. ಬೇಸಿಗೆಯಲ್ಲಿ ಕೂಲರ್, ಫ್ರಿಜ್ ಸೇರಿ ಅಂಚಿನಲ್ಲಿ ಇರುವ ಮನೆಗೆ 20 ಯೂನಿಟ್ ಅಂದರೆ ಸಣ್ಣದಲ್ಲ. ಸಂಬಳದವರಿಗೆ ಇದು ಅರ್ಥ ಆಗುವುದಿಲ್ಲ.

ಹಾಸನ ವಿಡಿಯೊ:
ಸಂಬಳ ಯಾರಿಗಿದೆ ಇಲ್ಲಿ? ಸ್ಟುಡಿಯೊದವರು ಕಮರ್ಷಿಯಲ್ ಮೀಟರ್ ಕಟ್ಟುತ್ತೇವೆ, ನಮಗೆ ಯಾವ ಜ್ಯೋತಿಯೂ ಇಲ್ಲ.

ಬಿಸಿಲೂರಿನವ:
ಎಲ್ಲರಿಗೂ ಧನ್ಯವಾದ. ಮೂರು ಫ್ಯಾನಿನ ಬಗ್ಗೆ ಯಾರಾದರೂ ಹೇಳುತ್ತೀರಾ?

ಸ್ಯಾನ್ ಹೋಸೆ ಕನ್ನಡಿಗ:
ಇಲ್ಲಿಂದ ಬರುವ ನೆಂಟರ ಕೈಲಿ ತರಿಸಿಕೊಳ್ಳಿ. 2023ರಲ್ಲಿ 4060 ಬಿಡುಗಡೆಯಾದಾಗ ಇಲ್ಲಿ 299 ಡಾಲರ್, ಮೇಲೆ ಸೇಲ್ಸ್ ಟ್ಯಾಕ್ಸ್. ನಾನು ಮೈಸೂರಿನ ಅಣ್ಣನ ಮಗನಿಗೆ ತಂದುಕೊಟ್ಟೆ. ಈಗಲೂ ಚೆನ್ನಾಗಿ ನಡೆಯುತ್ತಿದೆ.

ಹಾಸನ ವಿಡಿಯೊ:
ಕೆಟ್ಟರೆ ಯಾರು ನೋಡುತ್ತಾರೆ ಸರ್? ಅಲ್ಲಿನ ಬಿಲ್ಲಿಗೆ ಇಲ್ಲಿ ವಾರಂಟಿ ಕೊಡದ ಕಂಪನಿಗಳೇ ಜಾಸ್ತಿ. ಇಲ್ಲಿನ ಬಿಲ್ ಇದ್ದೂ ನಾನು ಒದ್ದಾಡಿದ್ದೇನೆ. 18% ಜಿಎಸ್‌ಟಿ ಕೊಟ್ಟು ಇಲ್ಲೇ ಕೊಳ್ಳುವವರಿಗೆ ಬುದ್ಧಿ ಇಲ್ಲ ಎಂದುಕೊಂಡಿರಾ?

ಸ್ಯಾನ್ ಹೋಸೆ ಕನ್ನಡಿಗ:
ನಾನು ಯಾರ ಬುದ್ಧಿಯ ಬಗ್ಗೆಯೂ ಮಾತಾಡಲಿಲ್ಲ. ಅನುಭವ ಕೇಳಿದರು, ಹೇಳಿದೆ.

ಹುಬ್ಬಳ್ಳಿ ಬೆಂಚು:
ರಿಪೇರಿ ಬೆಂಚಿನಲ್ಲಿ ಕೂರುವವನು ನಾನು. ಓವರ್‌ಕ್ಲಾಕ್ ಬಗ್ಗೆ ಯಾರೂ ನೆಟ್ಟಗೆ ಹೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಸ್ವಂತ 3060ಗೆ ಕೋರ್ 130, ಮೆಮೊರಿ 900 ಮೆಗಾಹರ್ಟ್ಜ್ ಏರಿಸಿ ಓಡಿಸಿದ್ದೇನೆ. ಟೈಮ್ ಸ್ಪೈ ಎಂಬ ವೇಗದ ಪರೀಕ್ಷೆಯಲ್ಲಿ ಸಿಕ್ಕಿದ್ದು ಸುಮಾರು 5%. ಆಟದಲ್ಲಿ 60 ಎಫ್‌ಪಿಎಸ್ 63 ಆಗುತ್ತದೆ. ಈ ಎನ್ವಿಡಿಯಾ ಕಾರ್ಡುಗಳು ಬಿಸಿ ಏರಿದ ಹಾಗೆ 15 ಮೆಗಾಹರ್ಟ್ಜ್ ಮೆಟ್ಟಿಲಲ್ಲಿ ತಾವೇ ಕ್ಲಾಕ್ ಇಳಿಸುತ್ತಾ ಹೋಗುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ನೀವು ಕಷ್ಟಪಟ್ಟು ಏರಿಸಿದ್ದರಲ್ಲಿ ಒಂದು ಪಾಲನ್ನು ಬಿಸಿಯೇ ತಿಂದುಹಾಕುತ್ತದೆ. ಇನ್ನು ಗೇಮ್‌ನಲ್ಲಿ ಸ್ಥಿರವಾಗಿ ನಿಂತ ಮೆಮೊರಿ ಕ್ಲಾಕ್ ರೆಂಡರ್‌ನಲ್ಲಿ ನಿಲ್ಲಬೇಕೆಂದಿಲ್ಲ. ಎರಡು ಗಂಟೆ ಎಕ್ಸ್‌ಪೋರ್ಟ್ ಆಗಿ 90%ಕ್ಕೆ ಬಂದಾಗ ಡ್ರೈವರ್ ಬಿದ್ದರೆ ಮದುವೆ ಮನೆಯವರಿಗೆ ಏನು ಹೇಳುತ್ತೀರಿ? ತಮ್ಮ ಎಡಿಟ್ ಮಾಡುವ ಮೆಷಿನ್ನಿಗೆ ಓವರ್‌ಕ್ಲಾಕ್ ಬೇಡವೇ ಬೇಡ.

ಮೂರು ಫ್ಯಾನು: ಫ್ಯಾನ್ ಎಣಿಸಬೇಡಿ, ಹೀಟ್‌ಸಿಂಕ್ ನೋಡಿ. ಬೆಂಚಿಗೆ ಬರುವ ಮೂರು ಫ್ಯಾನಿನ ಕಾರ್ಡ್ ಬಿಚ್ಚಿದರೆ ಕೆಲವದರಲ್ಲಿ ಒಳಗೆ ಎರಡೇ ತಾಮ್ರದ ಪೈಪ್, ಅಲ್ಯೂಮಿನಿಯಂ ಸಣ್ಣದು, ಮೂರನೇ ಫ್ಯಾನಿನ ಕೆಳಗೆ ಅರ್ಧ ಖಾಲಿ. 4060ರ 115 ವ್ಯಾಟ್‌ಗೆ ಒಳ್ಳೆಯ ಎರಡು ಫ್ಯಾನ್ ಧಾರಾಳ. ಆ 3 ಸಾವಿರದಲ್ಲಿ ಮುಂದೆ ಜಾಲರಿ ಇರುವ ಕ್ಯಾಬಿನೆಟ್ ಕೊಳ್ಳಿ. ಮುಂದೆ ಗಾಜು ಮುಚ್ಚಿದ ಕ್ಯಾಬಿನೆಟ್‌ನಲ್ಲಿ ಕಾರ್ಡ್ ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ರಾಯಚೂರಿನ ಧೂಳಿಗೆ ಫಿಲ್ಟರ್ ತಿಂಗಳಿಗೊಮ್ಮೆ ತೊಳೆಯಿರಿ.

ಇನ್ನೊಂದು. ನಿಮ್ಮದು ಬಿ450, ಅದರಲ್ಲಿ ಕಾರ್ಡ್ ಕೂರುವ ಸ್ಲಾಟ್ ಹಳೆಯ ಪಿಸಿಐಇ 3.0. 4060 ಬಳಸುವುದು ಎಂಟೇ ಲೇನ್ (ಡೇಟಾ ಹೋಗುವ ದಾರಿ). ಸಾಮಾನ್ಯವಾಗಿ ನಷ್ಟ ಕಡಿಮೆ. ಆದರೆ 8ಜಿಬಿ ತುಂಬಿ ಸಿಸ್ಟಮ್ ರ‍್ಯಾಮ್‌ಗೆ ಹರಿದಾಗ ಆ ಸಣ್ಣ ದಾರಿಯಲ್ಲೇ ಎಲ್ಲ ಹೋಗಬೇಕು, ಆಗ ಆಟ ಎಳೆದೆಳೆದು ನಿಲ್ಲುತ್ತದೆ. 3060ಗೆ ಹದಿನಾರು ಲೇನ್. ನಾನಾದರೆ ನಿಮ್ಮ ಬೋರ್ಡಿಗೆ, ರಿಸಾಲ್ವ್ ಕೆಲಸಕ್ಕೆ, 3060 12ಜಿಬಿ ಹಾಕಿ ಅಂಡರ್‌ವೋಲ್ಟ್ ಮಾಡುತ್ತೇನೆ. ನಿಮ್ಮ 550 ವ್ಯಾಟೂ ಸಾಕು.

ಕಲಬುರಗಿ ಕೂಲರ್:
ಆಟದಲ್ಲಿ 4060 ಮುಂದಿದೆ ಎಂಬುದನ್ನು ಯಾಕೆ ಬಿಟ್ಟಿರಿ? ಎವಿ1 (ಹೊಸ ವಿಡಿಯೊ ಫಾರ್ಮ್ಯಾಟ್) ಎನ್ಕೋಡರ್ 3060ನಲ್ಲಿ ಇಲ್ಲ, ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಷನ್ (ನಡುವೆ ಫ್ರೇಮ್ ಹುಟ್ಟಿಸಿ ಸೇರಿಸುವುದು) ಇಲ್ಲ. ಹಳೆಯ ಬೋರ್ಡಿಗೆ ಹೊಂದಿಸಲು ಹಳೆಯ ಕಾರ್ಡ್ ಕೊಳ್ಳಬೇಕಾ? ನಾಳೆ ಬೋರ್ಡ್ ಬದಲಿಸಿದರೆ?

ಹುಬ್ಬಳ್ಳಿ ಬೆಂಚು:
ಅವರ ಬಜೆಟ್ 28 ಸಾವಿರ. ಬೋರ್ಡ್ ಬದಲಿಸುವ ಮಾತು ಅವರು ಎತ್ತಿಲ್ಲ, ನೀವು ಎತ್ತಿದ್ದೀರಿ. ಮದುವೆ ವಿಡಿಯೊ ಪೆನ್‌ಡ್ರೈವ್‌ನಲ್ಲಿ ಹೋಗಿ ಟಿವಿಯಲ್ಲಿ ಓಡಬೇಕು, ಅಲ್ಲಿಗೆ ಹಳೆಯ ಎಚ್.264 ಫಾರ್ಮ್ಯಾಟ್ ಸಾಕು. ಎವಿ1 ಕೇಳಿದ ಗಿರಾಕಿ ನನಗೆ ಇನ್ನೂ ಸಿಕ್ಕಿಲ್ಲ.

ದಾವಣಗೆರೆ ರಿಪೇಸ್ಟ್:
6700 ಎಕ್ಸ್‌ಟಿಗೂ ಹದಿನಾರು ಲೇನ್, 12ಜಿಬಿ. ಅದನ್ನು ಯಾಕೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ?

ಹುಬ್ಬಳ್ಳಿ ಬೆಂಚು:
38 ಡಿಗ್ರಿ ರೂಮಿಗೆ 230 ವ್ಯಾಟ್, ವಾರಂಟಿ ಇಲ್ಲ, ಎಸ್‌ಎಂಪಿಎಸ್ ಬೇರೆ ಬದಲಿಸಬೇಕು. ನಿಮ್ಮ ಕೈಗೆ ಬಿಚ್ಚುವುದು ಬರುತ್ತದೆ, ಚೆನ್ನಾಗಿಯೇ ಮಾಡಿದ್ದೀರಿ. ಅವರಿಗೆ ಬರುತ್ತದಾ ಎಂದು ಕೇಳಿದ್ದೀರಾ?

ಉಡುಪಿ ಕಡಲು:
ಬೆಂಚಿನವರೇ, ನನ್ನ ಆ ಸತ್ತ ಕಾರ್ಡ್ ಇನ್ನೂ ಇದೆ. ಬೋರ್ಡ್ ನೋಡುತ್ತೀರಾದರೆ ಕಳಿಸುತ್ತೇನೆ. ಕೊರಿಯರ್ ಖರ್ಚು ನನ್ನದೇ.

ಹುಬ್ಬಳ್ಳಿ ಬೆಂಚು:
ಕಳಿಸಿ. ಒಮ್ಮೆ ಮೆಮೊರಿ ಬದಲಿಸಿಯೂ ಚೌಕ ಬಂದಿದೆ ಎಂದರೆ ತಪ್ಪು ಚಿಪ್ ಬದಲಿಸಿರಬಹುದು, ಇಲ್ಲಾ ಕೋರ್ ಕೆಳಗಿನ ಬೆಸುಗೆ ಬಿಟ್ಟಿರಬಹುದು. ಎರಡನೆಯದಾದರೆ ದುಡ್ಡು ಹಾಕಬೇಡಿ ಎಂದು ನಾನೇ ಹೇಳುತ್ತೇನೆ. ಹೀಟ್‌ಸಿಂಕ್ ಬಿಚ್ಚದೆ ಹಾಗೇ ಕಳಿಸಿ.