ಊರಂಚಿನ ಕುರುಚಲು ಕಾಡು: ಉದ್ಯಾನವೋ, ಸಂರಕ್ಷಿತ ತಾಣವೋ?

ಪ್ರಶ್ನೆ: ಸಣ್ಣ ಊರಿನ ಅಂಚಿನಲ್ಲಿ ಉಳಿದಿರುವ ಕುರುಚಲು ಕಾಡನ್ನು ಹುಲ್ಲುಹಾಸು, ದೀಪಗಳಿರುವ ಉದ್ಯಾನವಾಗಿಸುವುದು ಒಳ್ಳೆಯದೋ, ಇದ್ದಂತೆಯೇ ಕಾಪಾಡುವುದೋ? ಮಕ್ಕಳಿಗೂ ವೃದ್ಧರಿಗೂ ನಡೆದಾಡಲು ಜಾಗ ಬೇಕೆಂಬುದೂ ನಿಜ.

ಉತ್ತರ 1: ರಸ್ತೆಗೆ ಹತ್ತಿರವಿರುವ ಭಾಗದಲ್ಲಿ ಆಟದ ಬಯಲು, ಬೆಂಚುಗಳಿರಲಿ. ಒಳಭಾಗಕ್ಕೆ ಒಂದೇ ಕಾಲುದಾರಿ ಸಾಕು. ದಾರಿಗಳು ಹೆಚ್ಚಿದಷ್ಟೂ ಕಾಡು ತುಂಡುತುಂಡಾಗಿ, ಬಿಸಿಲೂ ಕಳೆಗಿಡಗಳೂ ಒಳನುಗ್ಗುತ್ತವೆ.

ಉತ್ತರ 2: ಸ್ವಚ್ಛತೆಯ ಹೆಸರಿನಲ್ಲಿ ಒಣಮರಗಳನ್ನು ಕಡಿಸುವುದನ್ನು ಮೊದಲು ತಡೆಯಬೇಕು (ಗುತ್ತಿಗೆದಾರರ ಕಣ್ಣಿಗೆ ಬೀಳುವುದೇ ಅವು). ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆಯಲ್ಲಿ, ತಾನಾಗಿ ಕೊರೆಯಲಾರದ ಸಣ್ಣ ಗೂಬೆ ಮೊಟ್ಟೆಯಿಡುತ್ತದೆ. ದಾರಿಯ ಮೇಲೆ ವಾಲಿದ ಕೊಂಬೆಗಳನ್ನಷ್ಟೇ ತೆಗೆಸಿದರಾಯಿತು.

ಉತ್ತರ 3: ದೀಪ ಬೇಕೇಬೇಕೆಂದರೆ, ನೆಲದತ್ತ ಮಾತ್ರ ಬೆಳಕು ಬೀಳುವಂತೆ ಮೇಲೆ ಮುಚ್ಚಳವಿರುವ ಹಳದಿ ದೀಪಗಳನ್ನು ಹಾಕಿಸಿ. ಏಕೆಂದರೆ ನೀಲಿ ಛಾಯೆಯ ಬಿಳಿ ಬೆಳಕಿಗೆ ಪತಂಗಗಳು ಹೆಚ್ಚು ಮುತ್ತುತ್ತವೆ.