ರಾತ್ರಿಯಿಡೀ ನಡೆದ ನಾಟಕದ ವಿಡಿಯೊ: ಚಿತ್ರ ಕೆಡದಂತೆ ಗಾತ್ರ ಇಳಿಸಲು ಯಾವ ತಂತ್ರಾಂಶ?

ಪ್ರಶ್ನೆ – ಗುಬ್ಬಿಯಿಂದ

ನಮ್ಮ ಊರಿನ ಜಾತ್ರೆಯಲ್ಲಿ ಆಡಿದ ಪೌರಾಣಿಕ ನಾಟಕವನ್ನು ಕ್ಯಾಮ್‌ಕಾರ್ಡರ್‌ನಲ್ಲಿ ಚಿತ್ರೀಕರಿಸಿದ್ದೇವೆ. ಏಳು ಗಂಟೆಗಳ ಚಿತ್ರೀಕರಣವು 1080ಐ ಎಂಟಿಎಸ್ ಕಡತಗಳ ರೂಪದಲ್ಲಿದ್ದು, ಒಟ್ಟು ಗಾತ್ರ ಸುಮಾರು 70 ಜಿಬಿ ಇದೆ. ಪಾತ್ರಧಾರಿಗಳಿಗೆಲ್ಲ ಇದನ್ನು 32 ಜಿಬಿ ಪೆನ್‌ಡ್ರೈವ್‌ನಲ್ಲಿ ಕೊಡಬೇಕು. ಅವರಲ್ಲಿ ಹಲವರು ಮನೆಯ ಹಳೆಯ ಟಿವಿಯಲ್ಲೇ ನೋಡುವವರು. ಉಚಿತ ತಂತ್ರಾಂಶವೊಂದರಲ್ಲಿ ಪರಿವರ್ತಿಸಿದಾಗ ಎಲ್ಲವೂ 6 ಜಿಬಿಗೆ ಇಳಿಯಿತಾದರೂ, ದುರ್ಯೋಧನನ ಹಿಂದಿನ ಪರದೆಯ ಕಪ್ಪು ಭಾಗಗಳು ಚೌಕ ಚೌಕವಾಗಿ ಒಡೆದು ಕಾಣುತ್ತವೆ. ಗದೆ ಬೀಸಿದಾಗ ಅದರ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆಗಳೇಳುತ್ತವೆ. ಹಣ ಕೊಟ್ಟು ಬೇರೆ ತಂತ್ರಾಂಶ ಕೊಳ್ಳುವುದು ಸೂಕ್ತವೇ?

ಉತ್ತರ – ತುಮಕೂರಿನಿಂದ

ಕೊಳ್ಳುವ ಅಗತ್ಯ ಕಾಣುವುದಿಲ್ಲ. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶ ಉಚಿತವಾಗಿದ್ದು, ಅದರೊಳಗೆ ಚಿತ್ರವನ್ನು ಕುಗ್ಗಿಸುವ ಎಕ್ಸ್264 ಎನ್‌ಕೋಡರ್ ಯಾವ ದುಬಾರಿ ತಂತ್ರಾಂಶಕ್ಕೂ ಕಡಿಮೆಯಿಲ್ಲ. ನಿಮ್ಮ ತೊಂದರೆಯ ಮೂಲ ತಂತ್ರಾಂಶವಲ್ಲ, ಕಡತವನ್ನು ಅಗತ್ಯಕ್ಕಿಂತ ಹೆಚ್ಚು ಹಿಂಡಿರುವುದು. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ ಸರಾಸರಿ 8 ಮೆಗಾಬಿಟ್ ಕೊಟ್ಟರೂ ಗಂಟೆಗೆ 3.6 ಜಿಬಿಯಂತೆ ಏಳು ಗಂಟೆಗೆ ಸುಮಾರು 25 ಜಿಬಿ ಆಗುತ್ತದೆ. ಪೆನ್‌ಡ್ರೈವ್‌ನಲ್ಲಿ ಅಷ್ಟು ಜಾಗವಿರುವಾಗ 6 ಜಿಬಿಗೆ ಇಳಿಸುವುದೇಕೆ?

ಬಿಟ್‌ರೇಟನ್ನು (ಸೆಕೆಂಡಿಗೆ ಎಷ್ಟು ಬಿಟ್ ಎಂಬುದನ್ನು) ನೀವೇ ನಿಗದಿ ಮಾಡುವ ಬದಲು ‘ಕಾನ್‌ಸ್ಟಂಟ್ ಕ್ವಾಲಿಟಿ’ ಆರಿಸಿ, ಗುಣಮಟ್ಟವನ್ನು ಸೂಚಿಸುವ ಆರ್‌ಎಫ್ ಮೌಲ್ಯವನ್ನು 22ಕ್ಕೆ ಇಡಿ. 1080 ಚಿತ್ರಕ್ಕೆ 20ರಿಂದ 24 ವಾಡಿಕೆಯ ಮಿತಿ. ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಏರುತ್ತದೆ, ಗಾತ್ರವೂ ಏರುತ್ತದೆ. ಹೀಗೆ ಮಾಡಿದಾಗ ಸೂತ್ರಧಾರ ಒಬ್ಬನೇ ನಿಂತು ಹಾಡುವಲ್ಲಿ ಕಡಿಮೆ ಬಿಟ್‌ಗಳೂ, ಬಣ್ಣದ ದೀಪಗಳು ಮಿನುಗಿ ಚಮಕಿ ಉಡುಪುಗಳು ಹೊಳೆಯುವ ಯುದ್ಧದ ಸೀನಿನಲ್ಲಿ ಹೆಚ್ಚು ಬಿಟ್‌ಗಳೂ ತಾವಾಗಿಯೇ ಹಂಚಿಕೆಯಾಗುತ್ತವೆ. ಮೊದಲು ಆ ಯುದ್ಧದ ಸೀನಿನಿಂದ ಒಂದೆರಡು ನಿಮಿಷವನ್ನಷ್ಟೇ ಪರಿವರ್ತಿಸಿ, ಕಂಪ್ಯೂಟರ್‌ನಲ್ಲಲ್ಲ, ಟಿವಿಯಲ್ಲೇ ನೋಡಿ. ಅಲ್ಲಿ ಚೆನ್ನಾಗಿ ಕಂಡರೆ ಉಳಿದ ಕಡೆ ಯೋಚನೆಯಿಲ್ಲ.

ಗದೆಯ ಗೆರೆಗಳಿಗೆ ಕಾರಣ ಬೇರೆ. 1080ಐ ಎಂದರೆ ಪ್ರತಿ ಫ್ರೇಮಿನ ಬೆಸ ಸಾಲುಗಳು ಒಂದು ಕ್ಷಣದವು, ಸಮ ಸಾಲುಗಳು ಮರುಕ್ಷಣದವು. ಅಷ್ಟರಲ್ಲಿ ಗದೆ ಸರಿದಿರುವುದರಿಂದ ಅಂಚು ಹಲ್ಲಿನಂತೆ ಕಾಣುತ್ತದೆ. ಫಿಲ್ಟರ್ ವಿಭಾಗದಲ್ಲಿ ಡಿಇಂಟರ್‌ಲೇಸ್‌ಗೆ (ಈ ಸಾಲುಗಳ ವ್ಯತ್ಯಾಸ ಸರಿಪಡಿಸುವುದಕ್ಕೆ) ‘ಡಿಕೋಂಬ್’ ಆರಿಸಿ, ಅದರಲ್ಲಿ ‘ಬಾಬ್’ ಪ್ರೀಸೆಟ್ (ಸಿದ್ಧ ಆಯ್ಕೆ) ಇಟ್ಟರೆ ಗೆರೆ ಹೋಗುವುದರ ಜೊತೆಗೆ ಚಲನೆಯೂ ನಯವಾಗಿ ಉಳಿಯುತ್ತದೆ. ಆಗ ಸೆಕೆಂಡಿಗೆ 50 ಫ್ರೇಮುಗಳಾಗುವುದರಿಂದ ಗಾತ್ರ ಸ್ವಲ್ಪ ಹೆಚ್ಚುತ್ತದೆ.

ಉತ್ತರ – ಮಾಲೂರಿನಿಂದ

ಮೇಲಿನ ಸಲಹೆಗೆ ಎರಡು ಮಾತು ಸೇರಿಸುತ್ತೇನೆ. ಅದೇ ಗುಣಮಟ್ಟವನ್ನು ಹೆಚ್ಚುಕಡಿಮೆ ಅರ್ಧ ಗಾತ್ರದಲ್ಲಿ ಕೊಡುತ್ತದೆಂದು ಎಚ್.265 ಎಂಬ ಕುಗ್ಗಿಸುವ ವಿಧಾನವನ್ನು ಹಲವರು ಸೂಚಿಸಬಹುದು. ಆದರೆ ಅದು 2013ರಲ್ಲಿ ಬಂದ ಮಾನಕವಾದ್ದರಿಂದ ಅದಕ್ಕಿಂತ ಹಳೆಯ ಟಿವಿಗಳು ಅದನ್ನು ತೆರೆಯಲಾರವು. ಹಂಚುವುದಕ್ಕೆ ಎಕ್ಸ್264 ತಯಾರಿಸುವ ಎಚ್.264, ನಿಮ್ಮ ಬಳಿ ಇಟ್ಟುಕೊಳ್ಳುವುದಕ್ಕೆ ಬೇಕಿದ್ದರೆ ಎಚ್.265 ಎಂಬುದು ನನ್ನ ಅಭಿಪ್ರಾಯ. ಎರಡನೆಯದಾಗಿ, ಹಳೆಯ ಟಿವಿಗಾಗಿ ಪೆನ್‌ಡ್ರೈವನ್ನು ಫ್ಯಾಟ್32 ಎಂಬ ಕಡತ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಬೇಕಾಗಬಹುದು. ಅದರಲ್ಲಿ ಒಂದೇ ಕಡತ 4 ಜಿಬಿ ಮೀರುವಂತಿಲ್ಲವಾದ್ದರಿಂದ ನಾಟಕವನ್ನು ಸೀನುಗಳ ಪ್ರಕಾರ ತುಂಡರಿಸಿ. ತಮ್ಮ ಪಾತ್ರ ಎಲ್ಲಿದೆಯೆಂದು ಹುಡುಕುವವರಿಗೂ ಅದರಿಂದ ಅನುಕೂಲ.

ಗ್ರಾಫಿಕ್ಸ್ ಕಾರ್ಡ್ ಬಳಸುವ ಎನ್‌ವೆಂಕ್ ಎನ್‌ಕೋಡರ್ ಬಹಳ ವೇಗವಾದರೂ, ಅದೇ ಗಾತ್ರಕ್ಕೆ ಎಕ್ಸ್264ರ ನಿಧಾನ ಪ್ರೀಸೆಟ್‌ನಷ್ಟು ಚೆನ್ನಾದ ಚಿತ್ರವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅವಸರವಿಲ್ಲದಿದ್ದರೆ ಕಂಪ್ಯೂಟರನ್ನು ರಾತ್ರಿಯಿಡೀ ಓಡಲು ಬಿಡಿ.

ಉತ್ತರ – ತಿಪಟೂರಿನಿಂದ

ಎಲ್ಲರೂ ಚಿತ್ರದ ಬಗ್ಗೆಯೇ ಬರೆದಿದ್ದಾರೆ. ನಮ್ಮ ಕಡೆಯ ನಾಟಕವನ್ನು ಜನ ಕಂದಪದ್ಯಕ್ಕಾಗಿ, ಹಾರ್ಮೋನಿಯಂ ಮೇಷ್ಟ್ರ ಕೈಚಳಕಕ್ಕಾಗಿ ಕೇಳುತ್ತಾರೆ. ಧ್ವನಿಯನ್ನು 64 ಕಿಲೋಬಿಟ್‌ಗೆ ಇಳಿಸಿದರೆ ಏರುಸ್ಥಾಯಿಯ ಆಲಾಪ ಕರ್ಕಶವಾಗುತ್ತದೆ. ಧ್ವನಿಯನ್ನು ಎಎಸಿ ರೂಪದಲ್ಲಿ ಸೆಕೆಂಡಿಗೆ 192 ಕಿಲೋಬಿಟ್‌ಗೆ ಇಡಿ. ಏಳು ಗಂಟೆಗೂ ಅದು 600 ಎಂಬಿ ಆಸುಪಾಸಿನಲ್ಲೇ ಮುಗಿಯುತ್ತದೆ. ಪೆನ್‌ಡ್ರೈವ್‌ಗಳನ್ನು ಹಂಚಿದ ಮೇಲೂ ಮೂಲದ ಎಂಟಿಎಸ್ ಕಡತಗಳನ್ನು ಅಳಿಸದೆ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿರಿ. ಮುಂದೆ ಬೇರೆ ರೂಪಕ್ಕೆ ಪರಿವರ್ತಿಸಬೇಕಾದಾಗ ಅವುಗಳಿಂದಲೇ ಮಾಡಬೇಕು, ಒಮ್ಮೆ ಕುಗ್ಗಿಸಿದ ಕಡತದಿಂದಲ್ಲ.